ಕಾವಲಿಗೆ ಕಾವಲು

ಒಂದಾನೊಂದು ಕಾಲದಲ್ಲಿ, ಅಂದರೆ ದೊರೆಗಳಿಗೆ ಈಗಿನಷ್ಟೇ ಬುದ್ಧಿ ಇದ್ದ ಕಾಲದಲ್ಲಿ, ಒಂದು ದೊಡ್ಡ ಕಾವಲು ಇತ್ತಂತೆ. ಕಾವಲು ಅಂದರೆ ದನ ಮೇಯೋ ಬಯಲು, ಪುಟ್ಟಿ. ಮರ ಇಲ್ಲ, ಹೊಳೆ ಇಲ್ಲ. ಮೂರೇ ಕಡೆ ನೀರು. ಗುಡ್ಡದ ಬಂಡೆ ಮೇಲೆ ಮಳೆನೀರು ನಿಲ್ಲೋ ದೊಣೆ, ತಗ್ಗಿನಲ್ಲಿ ಗೋಕಟ್ಟೆ, ಆಮೇಲೆ ಒಂದು ಒಣಹಳ್ಳ, ಅದರ ಮರಳು ತೋಡಿದರೆ ಒರತೆ. ಅಲ್ಲಿ ಕಾಟಮ್ಮ ಅನ್ನೋಳು ನಲವತ್ತು ದನ ಸಾಕಿದ್ದಳಂತೆ.

ಆ ಸೀಮೆಗೆ ಹೊಸ ದೊರೆ ಬಂದನಂತೆ, ಹೊಳೆದಂಡೆಯವನು. ಇದಕ್ಕೆ ಕಾವಲು ಅಂತ ಹೆಸರಿದೆ, ಕಾವಲುಗಾರ ಎಲ್ಲಿ ಅಂದನಂತೆ. ಇಲ್ಲ ಅಂದರು. ಆಮೇಲೆ ಮೂರು ನೀರಿಗೆ ಮೂವರನ್ನು ಈಟಿ ಕೊಟ್ಟು ನಿಲ್ಲಿಸಿ, ಯಾರಿಗೂ ಒಂದು ತೊಟ್ಟು ಬಿಡಬೇಡಿ ಅಂದನಂತೆ. ಯಾಕೆ ಅಂತ ಕೇಳೋ ಅಭ್ಯಾಸ ಅರಮನೆಯಲ್ಲಿ ಇರಲಿಲ್ಲ.

ಕಾಟಮ್ಮ ದನ ಹೊಡ್ಕೊಂಡು ದೊಣೆಗೆ ಹೋದಳಂತೆ. ಅಪ್ಪಣೆ ಇಲ್ಲ ಅಂದ ಕಾವಲಿನವನು. ಈದು ಮೂರು ದಿನದ ಹಸು ಇದೆ ಕಣಪ್ಪ ಅಂದಳು. ಹಸುಗೂ ಅಪ್ಪಣೆ ಇಲ್ಲ ಅಂದ. ಆಮೇಲೆ ಗೋಕಟ್ಟೆಗೆ ಹೋದಳು, ಅಲ್ಲೂ ಅದೇ ಈಟಿ. ಮಾರನೇ ದಿನ ಹಳ್ಳಕ್ಕೆ ನಡೆಯೋ ದಾರಿಯಲ್ಲಿ, ತಾಯಿಯ ಹಾಲು ಬತ್ತಿ, ಆ ಹಸುವಿನ ಕರು ಕಾಲು ಮಡಚಿ ಕೂತಿತು, ಏಳಲಿಲ್ಲ.

ಹಳ್ಳದಲ್ಲಿ ಮೂರನೆಯವನು ತುಟಿ ಒಡೆದು ಒಣ ಮರಳು ಕಾಯ್ತಾ ನಿಂತಿದ್ದನಂತೆ. ಏನು ಕಾಯ್ತಿದೀಯೋ ಅಂದಳು. ನೀರು ಅಂದ. ಎಲ್ಲಿದೆ ತೋರಿಸು ಅಂದಳು. ಅವನಿಗೆ ಗೊತ್ತಿರಲಿಲ್ಲ. ಅವನ ಕಾಲ ಬುಡದಲ್ಲೇ ಮೊಣಕೈ ಆಳ ತೋಡಿದಳು, ನೀರು ಜಿನುಗಿತು. ಕುಡಿ, ಆಮೇಲೆ ಈಟಿ ಎತ್ತು ಅಂದಳಂತೆ. ಅವನು ಕುಡಿದು, ಈಟಿಯಲ್ಲೇ ಮರಳು ತೋಡೋಕೆ ನಿಂತ.

ಅಷ್ಟರಲ್ಲಿ ಬೇಟೆಗೆ ಬಂದ ದೊರೆ ಬಾಯಾರಿ ಒಬ್ಬನೇ ದೊಣೆಗೆ ಹೋದನಂತೆ. ಯಾರಿಗೂ ಇಲ್ಲ ಅಂದ ಕಾವಲಿನವನು. ನಾನೇ ದೊರೆ ಕಣೋ ಅಂದರೆ, ಬೆಳಗಿಂದ ನೀನು ಎರಡನೇ ದೊರೆ, ನಡಿ ನಡಿ ಅಂದನಂತೆ. ಗೋಕಟ್ಟೆಯವನು ಅಷ್ಟೂ ಮಾತಾಡಲಿಲ್ಲ, ಈಟಿ ತೋರಿಸಿದ. ಆಮೇಲೆ ದೊರೆ ಕಾಲೆಳೆದುಕೊಂಡು ಹಳ್ಳಕ್ಕೆ ಬಂದರೆ, ದನದ ಹಿಂದೆ ನಿಲ್ಲು ಅಂದಳಂತೆ ಕಾಟಮ್ಮ. ಒರತೆ ನೀರು ನಿಧಾನ. ಹೊತ್ತು ಇಳಿಯೋವರೆಗೂ ನಿಂತ. ಸರದಿ ಬಂದಾಗ ಅವನ ಬೊಗಸೆಗೆ ನೀರು ಸುರಿದು ಅಂದಳಂತೆ, ಕಾವಲು ಅಂದರೆ ದನ ಕಾಯೋ ಜಾಗ ಕಣಯ್ಯ, ದನದಿಂದ ಕಾಯೋ ಜಾಗ ಅಲ್ಲ.

ದೊರೆ ಈಟಿ ಕಿತ್ತುಕೊಂಡು, ಮೂವರ ಕೈಗೂ ದನ ಕಾಯೋ ಕೋಲು ಕೊಟ್ಟನಂತೆ. ನೀರು ಎಲ್ಲರದ್ದಾಯಿತಂತೆ, ಸುಖವಾಗಿದ್ದರಂತೆ.

ಕರು ಎದ್ದಿತಾ ಅಜ್ಜಿ?

ಇಲ್ಲ ಪುಟ್ಟಿ. ದೊರೆಗೆ ಬುದ್ಧಿ ಬಂತು ಅಂತ ಸತ್ತ ಕರು ಏಳಲ್ಲ. ಕತೆ ಮುಗೀತು, ನನ್ನ ಸಿಟ್ಟು ಮುಗಿದಿಲ್ಲ. ನೀನು ಮಲಗು.