ಅರ್ಧ ಮಾತಿಗೆ ಬಿದ್ದ ಹಲಸಿನ ಪೇಟೆ

ಮಕ್ಕಳೇ, ಹೊನ್ನೆಕಾಡಿನ ಕೊಳದ ದಡದಲ್ಲಿ ಒಂದು ಪೇಟೆ ನಡೆಯುತ್ತಿತ್ತು. ಅಲ್ಲಿ ಹಣ್ಣು ಮಾರುತ್ತಿರಲಿಲ್ಲ, ಮರದ ಪಾಲು ಮಾರುತ್ತಿದ್ದರು. ದೊರೆಯಾದ ಆನೆರಾಯ ಸೊಂಡಿಲಿನಿಂದ ಮುದ್ರೆ ಒತ್ತಿದ ತೇಗದ ಎಲೆಯೇ ಪಾಲು. ಅದನ್ನು ಇಟ್ಟುಕೊಂಡವರಿಗೆ ಸುಗ್ಗಿಯಲ್ಲಿ ಹಣ್ಣು.

ಮುಸುವ ಚೆಲುವಯ್ಯನ ಹೆಂಡತಿ ಅವಳಿ ಮರಿ ಹಾಕಿದ್ದಳು. ಮರಿಗಳು ಹೊಟ್ಟೆ ತುಂಬ ಹಲಸು ತಿನ್ನಲೆಂದು ಅವನು ಉಪವಾಸವಿದ್ದು, ತನ್ನ ನೆಲ್ಲಿಕಾಯಿಯಲ್ಲಿ ಹೆಚ್ಚಿನದನ್ನು ಕೊಟ್ಟು ಹಲಸಿನ ಪಾಲಿನ ಎಲೆಗಳನ್ನು ಕೂಡಿಟ್ಟಿದ್ದ. ಒಳ್ಳೆಯವನೇ. ಆದರೆ ಅರ್ಧ ಕೇಳಿದೊಡನೆ ನೆಗೆಯುವ ಸ್ವಭಾವ.

ಒಂದು ಬೆಳಿಗ್ಗೆ ಆನೆರಾಯ ಆಹಾರದ ವಿಷಯವಾಗಿ ಡಂಗುರ ಹೊಡೆಸಿ ಎಲ್ಲರನ್ನೂ ಸೇರಿಸಿದ.

"ನಾಳೆಯಿಂದ ಈ ಕಾಡಿನಲ್ಲಿ ಯಾರೂ ಹಲಸಿನ ಹಣ್ಣು ತಿನ್ನಕೂಡದು..." ಎಂದವನೇ ಒಂದು ಕಂತೆ ಬಿದಿರೆಲೆ ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿಯತೊಡಗಿದ.

ಚೆಲುವಯ್ಯ ಆಗಲೇ ಪೇಟೆಯಲ್ಲಿದ್ದ. ಮಡಿಲು ತುಂಬ ನೆಲ್ಲಿಕಾಯಿಗೆ ಕೊಂಡ ಎಲೆಯನ್ನು ಒಂದೇ ಕಾಯಿಗೆ ಕೊಡುತ್ತೇನೆಂದ. ಅದನ್ನು ಕಂಡು ಜಿಂಕೆ, ಮೊಲ, ಮುಳ್ಳುಹಂದಿ ಎಲ್ಲರೂ ಮಾರಲು ನುಗ್ಗಿದರು. ಕೊಳ್ಳುವವರೇ ಇಲ್ಲ. ಕೊನೆಗೆ ಎಲೆ ತೆಗೆದುಕೊಂಡು ಹೋದವರಿಗೆ ಮೇಲೊಂದು ಕಾಯಿ ಕೊಡುವ ಹಾಗಾಯಿತು. ದೊರೆ ಬೇವಿನ ಹೆಸರೆತ್ತಿಲ್ಲವೆಂದು ಯಾರೋ ಅಂದದ್ದೇ ತಡ, ಬೇವಿನ ಪಾಲು ಮರದೆತ್ತರಕ್ಕೆ ಏರಿತು. ಚೆಲುವಯ್ಯ ಉಳಿದ ನೆಲ್ಲಿಕಾಯಿಯನ್ನೆಲ್ಲ ಅದಕ್ಕೇ ಸುರಿದ.

ದಾರಿಯಲ್ಲಿ ಹೋಗುತ್ತಿದ್ದ ಕಾಡುಹಂದಿ ಮಾಕವ್ವ, ಬಿದ್ದಿದ್ದ ತೇಗದ ಎಲೆಗಳನ್ನು ಕಂಡು ಮರಿಗಳ ಹಾಸಿಗೆಗೆ ಆದೀತೆಂದು ಬಾಚಿಕೊಂಡಳು. ಯಾರೂ ಬೇಡವೆನ್ನಲಿಲ್ಲ. ಬದಲಿಗೆ ಎಲೆಗೊಂದು ಕಾಯಿಯನ್ನೂ ಕೊಟ್ಟರು.

ಅಷ್ಟರಲ್ಲಿ ಆನೆರಾಯ ಬಿದಿರೆಲೆ ನುಂಗಿ, ಮಾತು ಮುಗಿಸಿದ.

"...ಎಂದು ಯಾರೋ ಸುದ್ದಿ ಹಬ್ಬಿಸಿದ್ದಾರೆ. ಅದು ಸುಳ್ಳು. ಎಲ್ಲರೂ ಎಂದಿನಂತೆ ಹಲಸು ತಿನ್ನಿ."

ಪೇಟೆ ತಣ್ಣಗಾಯಿತು. ಬೇವಿನ ಪಾಲು ಸೊರಗಿತು.

ಸುಗ್ಗಿ ಬಂತು. ಕಾಡಿನ ಹಲಸೆಲ್ಲ ಮಾಕವ್ವನದು. ಚೆಲುವಯ್ಯ ತಲೆ ತಗ್ಗಿಸಿ ಅವಳ ಬಳಿ ಹೋದ. ಮನೆಯಲ್ಲಿ ಮರಿಗಳು ಬೇವಿನ ಹಣ್ಣು ಉಗುಳುತ್ತಿವೆ, ನನ್ನ ಎಲೆ ಹಿಂದಕ್ಕೆ ಕೊಡಕ್ಕ ಎಂದು ಬೇಡಿಕೊಂಡ.

"ಕೊಡುತ್ತಿದ್ದೆ ತಮ್ಮಾ, ಆದರೆ ಮರಿಗಳು ಈಗಷ್ಟೇ ಅದರ ಮೇಲೆ ಮಲಗಿವೆ," ಎಂದಳು ಮಾಕವ್ವ. "ನನಗೆ ಮರ ಹತ್ತಲು ಬರುವುದಿಲ್ಲ. ನೀನು ಹತ್ತಿ ಕಿತ್ತುಹಾಕು. ಹಣ್ಣಿಗೊಂದು ತೊಳೆ ಕೊಡುತ್ತೇನೆ."

ಚೆಲುವಯ್ಯ ಮರ ಹತ್ತಿದ. ಡಂಗುರದ ದಿನದವರೆಗೂ ತನ್ನದಾಗಿದ್ದ ಮರ ಅದು.

ನೀತಿ: ಮಾತು ಮುಗಿಯುವ ಮೊದಲೇ ಓಡಿದವನು ತನ್ನ ಮರಕ್ಕೆ ತಾನೇ ಕೂಲಿಯಾಗುತ್ತಾನೆ.