ಇಪ್ಪೆಮರದ ಐದು ಪೊಟರೆಗಳು

ಮಕ್ಕಳೇ, ಒಂದು ಕೆರೆ, ಕೆರೆಯ ಏರಿಯ ಮೇಲೆ ಒಂದು ಮುದಿ ಇಪ್ಪೆಮರ. ಅದರ ಕಾಂಡದಲ್ಲಿ ಐದು ಹಳೆಯ ಪೊಟರೆಗಳು. ಯಾವ ಕಾಲದಲ್ಲೋ ಯಾರೋ ಕೊರೆದು, ಬಾಳಿ, ಬಿಟ್ಟುಹೋದವು. ಒಳಗೆಲ್ಲ ಗೆದ್ದಲು, ಕೊಳೆತ ಮರ. ಮಳೆಗಾಲ ಬಂತೆಂದರೆ ಮೊಣಕಾಲುದ್ದ ನೀರು. ಹಕ್ಕಿಯ ಮೊಣಕಾಲು ಎಷ್ಟು ಉದ್ದ ಎಂದು ನಗಬೇಡಿ, ಮೊಟ್ಟೆ ಮುಳುಗುವುದಕ್ಕೆ ಅಷ್ಟು ನೀರು ಧಾರಾಳವಾಗಿ ಸಾಕು.

ಆ ಐದೂ ಪೊಟರೆಗಳನ್ನು ಕೆಂಜುಟ್ಟಿ ಎಂಬ ಮರಕುಟಿಗ ಹಕ್ಕಿಯೂ ಅವಳ ಗಂಡನೂ ಸೇರಿ ಇಡೀ ಬೇಸಿಗೆ ರಿಪೇರಿ ಮಾಡಿದರು. ಕೊಳೆತದ್ದನ್ನೆಲ್ಲ ಕೆರೆದು ಹಾಕಿದರು. ಗೋಡೆ ನುಣ್ಣಗೆ ಮಾಡಿದರು. ಒಂದು ಹನಿಯೂ ಒಳಗೆ ಬರದ ಹಾಗೆ ಹೊಸ್ತಿಲನ್ನು ಹೊರಗಡೆಗೆ ಇಳಿಜಾರಾಗಿ ಕೆತ್ತಿದರು. ಇಷ್ಟೆಲ್ಲ ತಾವಿರುವುದಕ್ಕಲ್ಲ, ಬೇರೆ ಹಕ್ಕಿಗಳಿಗೆ ಮಾರುವುದಕ್ಕೆ. ತಮಗಾಗಿ ಎತ್ತರದ ಕೊಂಬೆಯಲ್ಲಿ ಬೇರೆ ಗೂಡು ಕೊರೆದುಕೊಂಡಿದ್ದರು.

ಕೆಲಸ ಮುಗಿದ ವಾರದಲ್ಲೇ ಗಿಡುಗವೊಂದು ಗಂಡನನ್ನು ಎತ್ತಿಕೊಂಡು ಹೋಯಿತು. ಎರಡು ದಿನ ಬಿಟ್ಟು ಕೆಂಜುಟ್ಟಿ ಮೂರು ಮೊಟ್ಟೆ ಇಟ್ಟಳು.

ಈಗ ನೋಡಿ ಪೇಚು. ಕಾವು ಕೂತರೆ ಹೊಟ್ಟೆಗಿಲ್ಲ, ಮೇವಿಗೆ ಹೋದರೆ ಮೊಟ್ಟೆ ತಣ್ಣಗಾಗುತ್ತದೆ. ಅದಕ್ಕೇ ಅವಳು ಪೊಟರೆಗಳಿಗೆ ಒಂದು ಬೆಲೆ ಇಟ್ಟಳು: ಕೊಂಡವರು ಇಂತಿಷ್ಟು ದಿನ ಅವಳ ಗೂಡಿಗೆ ಮೇವು ತಂದುಕೊಡಬೇಕು. ಐದೂ ಬೇಗ ಮಾರಿಹೋದರೆ ಮರಿಗಳು ಬದುಕಿದಂತೆ. ಆದರೆ ಗೂಡು ಬಿಟ್ಟು ಕದಲಲಾರದವಳು ಮಾರುವುದು ಹೇಗೆ? ಒಬ್ಬ ದಲ್ಲಾಳಿ ಬೇಕಾಯಿತು.

ಮೊದಲು ಬಂದವಳು ಪಟ್ಟೆಮ್ಮ ಎಂಬ ಅಳಿಲು. ಮಾತಿಲ್ಲ ಕತೆಯಿಲ್ಲ, ಐದೂ ಪೊಟರೆಗಳ ಒಳಹೊಕ್ಕು ಮೂಸಿ, ಬಾಲದಿಂದ ಅಳತೆ ಮಾಡಿ, ಮೇಲೆ ಹತ್ತಿ ಬಂದಳು.

"ಕೆಲಸ ಚೆನ್ನಾಗಿದೆ ಅಕ್ಕ. ಆದ್ರೆ ಮೂರನೇದರ ಬಾಯಿ ಅಗಲ ಆಯ್ತು. ಉಡ ತಲೆ ತೂರಿಸುತ್ತೆ ಅಂತ ಸಣ್ಣ ಹಕ್ಕಿಗಳು ಹೆದರ್ತವೆ. ಅದಕ್ಕೆ ಹಾಲಕ್ಕಿ ಗೂಬೆಗಳೇ ಆಗಬೇಕು. ಬೆಲೆ ತಲಾ ಹತ್ತು ದಿನದ ಮೇವು ಅನ್ನಿ, ಬರ್ತಾರೆ."

ಕೆಂಜುಟ್ಟಿಯ ಜುಟ್ಟು ನೆಟ್ಟಗಾಯಿತು. ಇಂಥ ಪೊಟರೆ ಈ ಕೆರೆಯ ಸುತ್ತ ಇನ್ನೊಂದಿದ್ದರೆ ತೋರಿಸಲಿ! ಅದು ಬರೀ ಜಂಬವಲ್ಲ, ನಿಜವೇ ಆಗಿತ್ತು. ಆದರೆ ನಿಜವಾದ ಹೆಮ್ಮೆಗೂ ಮೂಗಿನ ತುದಿಯಲ್ಲೇ ಕೋಪವಿರುತ್ತದೆ, ಏನು ಮಾಡೋಣ.

"ಬರೀ ಹತ್ತು ದಿನವಾ? ಅದರ ಮೇಲೆ ತಪ್ಪು ಬೇರೆ ಹುಡುಕ್ತೀಯಾ? ಹೋಗಮ್ಮ, ನಿನ್ನ ದಾರಿ ನೀನು ನೋಡ್ಕೋ."

"ಆಗಲಿ ಅಕ್ಕ. ಬೇಕಾದಾಗ ಕೂಗಿ," ಎಂದು ಪಟ್ಟೆಮ್ಮ ಇಳಿದು ಹೋದಳು.

ಆಮೇಲೆ ಬಂದ ನೋಡಿ, ಸಾವಿರಕಣ್ಣಪ್ಪ! ನವಿಲು. ಮರದ ಬುಡದಲ್ಲೇ ನಿಂತು ಗರಿ ಬಿಚ್ಚಿದ.

"ಆಹಾಹಾ! ಇವು ಪೊಟರೆಗಳೇ ಅಮ್ಮ? ಅರಮನೆಗಳು! ತಲಾ ಮೂವತ್ತು ದಿನಕ್ಕೆ ಒಂದು ಗಳಿಗೆಯೂ ಕಡಿಮೆ ಕೇಳಬೇಡಿ. ನಾನು ಒಂದು ಸಲ ಕುಣಿದೆ ಅಂದ್ರೆ ಕೆರೆಗೆ ಕೆರೆಯೇ ಬಂದು ನಿಲ್ಲುತ್ತೆ. ನನಗೇನೂ ಹೆಚ್ಚು ಬೇಡ. ನಿಮ್ಮ ಮರದ ಗೆದ್ದಲಿದೆಯಲ್ಲ, ಕೆಲಸ ಮುಗಿಯೋವರೆಗೆ ಅದನ್ನ ನಾನು ತಿನ್ಕೋತೀನಿ."

ಹೊಗಳಿ ಹೊನ್ನಶೂಲಕ್ಕೇರಿಸುವುದು ಎಂದರೆ ಇದೇ. ಕೆಂಜುಟ್ಟಿ ಖುಷಿಯಿಂದ ಏರಿ ಕೂತಳು. ಮೂವತ್ತು ಐದಲೇ ನೂರೈವತ್ತು ದಿನ! ನನ್ನ ಕೆಲಸದ ಬೆಲೆ ಗೊತ್ತಿರುವವನು ಇವನೊಬ್ಬನೇ ಎಂದುಕೊಂಡಳು. ಸಾವಿರಕಣ್ಣಪ್ಪ ಹುಟ್ಟಿದಾರಭ್ಯ ಒಂದು ಪೊಟರೆಯ ಒಳಗೂ ಕಾಲಿಟ್ಟವನಲ್ಲ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಮರುದಿನ ಕುಣಿತ ಶುರುವಾಯಿತು. ಹೇಳಿದ್ದು ಸುಳ್ಳಲ್ಲ, ಜನವೋ ಜನ. ಬೆಳ್ಳಕ್ಕಿಗಳು ಬಂದವು, ಬಾತುಗಳು ಬಂದವು, ಗೀಜಗಗಳ ದಂಡೇ ಬಂತು. ಕುಣಿತ ನೋಡಿ, "ಭೇಷ್ ಭೇಷ್" ಎಂದು, ಮನೆಗೆ ಹೋದವು. ಬೆಳ್ಳಕ್ಕಿ ಕೊಂಬೆಯ ಮೇಲೆ ಕಡ್ಡಿ ಜೋಡಿಸಿ ಇರುವ ಹಕ್ಕಿ. ಬಾತಿಗೆ ಜೊಂಡು ಸಾಕು. ಗೀಜಗನಂತೂ ತನ್ನ ಗೂಡನ್ನು ತಾನೇ ನೇಯುವವನು. ಪೊಟರೆ ಯಾರಿಗೆ ಬೇಕಿತ್ತು?

ಎಂಟು ದಿನ ಹೀಗೇ ಕಳೆಯಿತು. ಕೆಂಜುಟ್ಟಿ ಕೊಕ್ಕಿಗೆಟುಕುವ ಕೊಂಬೆಯ ಇರುವೆ ತಿಂದಳು, ಅದೂ ಮುಗಿಯಿತು.

"ಸಾವಿರಕಣ್ಣಪ್ಪಾ, ಒಂದಾದ್ರೂ ಹೋಯಿತಾ?"

"ಇವತ್ತು ಎಷ್ಟು ಜನ ಸೇರಿದ್ರು ನೋಡಿದ್ರಾ!"

"ಜನ ಬೇಡಪ್ಪ, ಪೊಟರೆ ಹೋಯಿತಾ?"

"ಬೆಲೆ ಸ್ವಲ್ಪ ಇಳಿಸೋಣ. ಐದು ದಿನ ಅಂದ್ರೆ ಹೇಗೆ?" ಎಂದ ಅವನು, ಗೆದ್ದಲು ಹೆಕ್ಕುತ್ತಾ.

ಮೂವತ್ತರಿಂದ ಐದಕ್ಕೆ! ಅಷ್ಟರಲ್ಲಿ ಕೆಳಗೆ ಒಂದು ಗೀಜಗ ಇನ್ನೊಂದಕ್ಕೆ ಹೇಳುವುದು ಕೇಳಿಸಿತು: "ಎಂಟು ದಿನದಿಂದ ಖಾಲಿ ಬಿದ್ದಿವೆ ಅಂದ್ಮೇಲೆ ಏನೋ ದೋಷ ಇರಬೇಕು, ಅಲ್ವಾ?"

ಕೆಂಜುಟ್ಟಿಗೆ ಎದೆಗೆ ಒದ್ದಂತಾಯಿತು. ತನ್ನ ಕೆಲಸದಲ್ಲಿ ದೋಷ! ಅದೇ ದಿನ ಹಸಿವು ತಾಳಲಾರದೆ ಮೇವಿಗೆ ಹೋಗಿ ಬಂದು ನೋಡುತ್ತಾಳೆ, ಮೊಟ್ಟೆಗಳು ಆರಿಹೋಗುವುದರಲ್ಲಿದ್ದವು. ಎದೆಯಡಿ ಒತ್ತಿ ಹಿಡಿದುಕೊಂಡು ಅವು ಮತ್ತೆ ಬೆಚ್ಚಗಾಗುವವರೆಗೆ ಕಾವು ಕೂತಳು. ಆಮೇಲೆ ನಾಚಿಕೆ ಬದಿಗಿಟ್ಟು ಕೊಕ್ಕಿನಿಂದ ಕೊಂಬೆ ಬಡಿದು ಕೂಗಿದಳು.

"ಪಟ್ಟೆಮ್ಮಾ! ನನ್ನದು ತಪ್ಪಾಯ್ತು. ಸ್ವಲ್ಪ ಬಾರಮ್ಮ."

ಪಟ್ಟೆಮ್ಮ ಬಂದಳು. ನಾನು ಆವತ್ತೇ ಹೇಳಿರಲಿಲ್ಲವೇ ಎಂಬ ಮಾತು ಅವಳ ಬಾಯಲ್ಲಿ ಬರಲಿಲ್ಲ.

"ಐದು ದಿನಕ್ಕೆಲ್ಲ ಕೊಡೋದು ಬೇಡ. ಹತ್ತೇ ಇರಲಿ. ನನಗೆ ನೀವು ಕೆರೆದು ಹಾಕಿದ ಮೆತ್ತನೆ ನಾರು ಕೊಟ್ಟರೆ ಸಾಕು, ನನ್ನ ಗೂಡಿಗೆ ಆಗುತ್ತೆ. ಆದ್ರೆ ಅಕ್ಕ, ಇವತ್ತು ಯಾರನ್ನೂ ಕರ್ಕೊಂಡು ಬರಲ್ಲ."

"ಯಾಕೆ?"

"ಬಿಸಿಲಲ್ಲಿ ಯಾವ ಗೂಡಾದ್ರೂ ಚೆನ್ನಾಗೇ ಕಾಣುತ್ತೆ. ಆಕಾಶ ನೋಡಿ, ನಾಳೆ ಮಳೆ ಬರುತ್ತೆ. ನಾಳೆ ಬರ್ತೀನಿ."

ಮರುದಿನ ಬೆಳಗ್ಗೆ ಮುಂಗಾರಿನ ಮೊದಲ ಮಳೆ ಧೋ ಎಂದು ಸುರಿಯಿತು. ಆ ಮಳೆಯಲ್ಲೇ ಪಟ್ಟೆಮ್ಮ ಒಂದು ಮಡಿವಾಳ ಹಕ್ಕಿಯ ಜೋಡಿಯನ್ನು ಕರೆದುಕೊಂಡು ಬಂದಳು. ಅವರ ಹಳೇ ಗೂಡು ಬೆಳಗ್ಗೆಯೇ ಸೋರಿ ಹೋಗಿತ್ತು. ಪಾಪ, ಇಬ್ಬರೂ ತೊಪ್ಪೆ. ಹೆಂಡತಿ ಎರಡನೇ ಪೊಟರೆಯೊಳಗೆ ನುಗ್ಗಿದಳು. ಗಂಡ ಹೊರಗೆ ತೋಯುತ್ತಾ ನಿಂತ.

"ಏನೇ, ನೀರಿದೆಯಾ?"

ಒಳಗಿನಿಂದ ರೆಕ್ಕೆ ಕೊಡವುವ ಸದ್ದು ಮಾತ್ರ ಬಂತು.

"ಏನೇ!"

"ರೀ, ಒಳಗೆ ಬನ್ನಿ! ಒಂದು ಹನಿ ಇಲ್ಲ ರೀ! ನೆಲ ಬೆಚ್ಚಗಿದೆ!"

ಮೇಲಿನ ಗೂಡಲ್ಲಿ ಕೂತು ಕೆಂಜುಟ್ಟಿ ಇದನ್ನು ಕೇಳಿದಳು. ಬೇಸಿಗೆಯ ಉರಿಯಲ್ಲಿ ಕೆತ್ತಿದ ಹೊಸ್ತಿಲಿನಿಂದ ನೀರು ಹೊರಕ್ಕೆ ಜಾರಿ ಬೀಳುವುದನ್ನು ನೋಡಿದಳು. ಗಂಡನಿದ್ದಿದ್ದರೆ ಎನ್ನಿಸಿ ಕಣ್ಣು ತುಂಬಿತು, ಎದೆಯೂ ತುಂಬಿತು. ಸಾವಿರಕಣ್ಣಪ್ಪನ ಅಷ್ಟೂ ಹೊಗಳಿಕೆಯಿಂದ ಬಾರದ ಹೆಮ್ಮೆ ಆ ಒಂದು ಮಾತಿನಿಂದ ಬಂತು.

ಆಮೇಲೆ ತಡವಾಗಲಿಲ್ಲ. ಸಣ್ಣ ಬಾಯಿಯ ಪೊಟರೆಗೆ ಚೇಕಡಿ ಹಕ್ಕಿಗಳು ಬಂದವು. ಅಗಲ ಬಾಯಿಯದನ್ನು ಹಾಲಕ್ಕಿಗಳು ಮರುಮಾತಿಲ್ಲದೆ ಒಪ್ಪಿಕೊಂಡವು. ಒಂದು ಗಿಳಿಗಳ ಪಾಲಾಯಿತು. ಕೊನೆಯದಕ್ಕೆ ಗೊರವಂಕಗಳ ಎರಡು ಜೋಡಿ ಒಟ್ಟಿಗೆ ಬಂದು, ನನಗೆ ತನಗೆ ಎಂದು ಕಿತ್ತಾಡಿ, ತಾವಾಗಿಯೇ ಬೆಲೆಯನ್ನು ಹದಿನೈದು ದಿನಕ್ಕೇರಿಸಿದವು. ಪಟ್ಟೆಮ್ಮ ನಡುವೆ ಬಾಯಿ ಹಾಕಲಿಲ್ಲ. ಬಾಲ ಮಡಿಸಿಕೊಂಡು ಸುಮ್ಮನೆ ಕೂತಿದ್ದಳು, ಜಾಣೆ.

ಸಾವಿರಕಣ್ಣಪ್ಪನೂ ಬಂದಿದ್ದ, ಗರಿಯೆಲ್ಲ ಒದ್ದೆಯಾಗಿ. "ಅಮ್ಮಾ, ನನಗೂ ಒಂದು ಪೊಟರೆ..." ಎಂದ. ಅವನ ಬಾಲ ತೂರುವ ಪೊಟರೆ ಇನ್ನೂ ಯಾವ ಕಾಡಿನಲ್ಲೂ ತಯಾರಾಗಿಲ್ಲ ಬಿಡಿ.

ಅಂದಿನಿಂದ ಕೆಂಜುಟ್ಟಿ ಗೂಡು ಬಿಟ್ಟು ಕದಲಲಿಲ್ಲ. ಹೊತ್ತು ಹೊತ್ತಿಗೆ ಹುಳು, ಹಣ್ಣು, ಇರುವೆಮೊಟ್ಟೆ ಬರುತ್ತಿದ್ದವು. ಕೆಲವೇ ದಿನಗಳಲ್ಲಿ ಮೂರೂ ಮೊಟ್ಟೆ ಒಡೆದು ಮೂರು ಕೆಂಪು ಬಾಯಿ ತೆರೆದುಕೊಂಡವು.

ಮರಿ ನೋಡಲು ಬಂದ ಪಟ್ಟೆಮ್ಮ ಕೇಳಿದಳು: "ಅಕ್ಕ, ಕೆರೆಯ ಆಚೆ ದಡದವರೂ ವಿಚಾರಿಸ್ತಿದ್ದಾರೆ. ಮುಂದಿನ ಬೇಸಿಗೆಗೆ ಎಷ್ಟು ಪೊಟರೆ ಮಾಡ್ತೀರಾ?"

ಕೆಂಜುಟ್ಟಿ ಜುಟ್ಟು ಎತ್ತಿ, ಆದರೆ ಮೆಲ್ಲಗೆ ಹೇಳಿದಳು: "ಯಾರ್ಯಾರಿಗೆ ಎಷ್ಟು ಅಗಲದ ಬಾಯಿ ಬೇಕು, ಅದನ್ನ ಮೊದಲು ನೀನು ಹೇಳು. ಆಮೇಲೆ ನಾನು ಮರಕ್ಕೆ ಕೊಕ್ಕು ಹಾಕ್ತೀನಿ."

ನೀತಿ: ಬೆವರು ಸುರಿಸಿ ಮಾಡಿದ್ದನ್ನು ಮಾರಲು ಹೊಗಳುವವನನ್ನು ಹಿಡಿಯಬೇಡ, ಕೊಳ್ಳುವವರ ಕಷ್ಟ ಬಲ್ಲವನನ್ನು ಹಿಡಿ.