ದೊರೆಯೆದ್ದ ಬಂಡೆ

ಸವರಿಹಳ್ಳಿಯ ಕ್ರೈಸ್ತ ದೇವಾಲಯದ ಮುಂದೆ ಚಪ್ಪಟೆಯಾಗಿ ಮಲಗಿರುವ ಕರಿಯ ಬಂಡೆಗೆ ದೊರೆಯೆದ್ದ ಬಂಡೆ ಎಂದು ಹೆಸರು. ಕೂರಲು ಹೇಳಿಮಾಡಿಸಿದ ಜಾಗ. ಹುಣಸೆಯ ನೆರಳು ಬೇರೆ. ಆದರೂ ಊರಿನವರಾರೂ ಅದರ ಮೇಲೆ ಕೂರುವುದಿಲ್ಲ. ತಿಳಿಯದೆ ಕೂತ ನೆಂಟರನ್ನು ಅಜ್ಜಿಯರು ಎಬ್ಬಿಸಿ, ಕಥೆ ಹೇಳಿಯೇ ಬಿಡುತ್ತಾರೆ.

ಹಿಂದೆ ಒಮ್ಮೆ, ದೇವಾಲಯವಿನ್ನೂ ಹುಲ್ಲಿನ ಗುಡಿಸಲಾಗಿದ್ದ ಕಾಲ. ಗುರುಗಳು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಅವರಿಲ್ಲದಾಗ ಊರಿನ ಪ್ರಾರ್ಥನೆ ನಡೆಸುತ್ತಿದ್ದ ಉಪದೇಶಿ ಚೌರಪ್ಪ ತೀರಿಹೋದ ಮೇಲೆ ಜಪ, ಪ್ರಾರ್ಥನೆಯ ಹೊಣೆ ಅವನ ಹೆಂಡತಿ ಇನ್ನಾಸಮ್ಮನ ಮೇಲೆ ಬಿತ್ತು. ಊರಿನ ಆಸ್ತಿಯೆಂದರೆ ದೇವರ ಮಾತಿನ ಪುಸ್ತಕವಾದ ಶುಭಸಂದೇಶದ ಕೈಬರಹದ ಪ್ರತಿ, ಮತ್ತು ಕೊಲ್ಲುವವರನ್ನು ಕ್ಷಮಿಸುತ್ತಲೇ ಪ್ರಾಣಬಿಟ್ಟ ಸಂತನೊಬ್ಬನ ಬೆರಳೆಲುಬಿದ್ದ ಬೆಳ್ಳಿಯ ಭರಣಿ. ಭರಣಿ ತೆರೆಯುವ ಮುನ್ನ ಶುಭಸಂದೇಶ ಓದಬೇಕು, ಓದುವಾಗ ಎಲ್ಲರೂ ಎದ್ದು ನಿಲ್ಲಬೇಕು. ಈ ಪದ್ಧತಿಯನ್ನು ಇನ್ನಾಸಮ್ಮ ಎಂದೂ ತಪ್ಪಿಸಿದವಳಲ್ಲ.

ಆ ಎಲುಬನ್ನು ತೋಳಿಗೆ ಕಟ್ಟಿಕೊಂಡರೆ ಕತ್ತಿ ನಾಟುವುದಿಲ್ಲವೆಂದು ಯಾರೋ ಸೀಮೆಯ ದೊರೆಯ ಕಿವಿಗೆ ಹಾಕಿದರು. ದಾಯಾದಿಗಳ ಮೇಲೆ ದಂಡು ಹೊರಡಿಸಿದ್ದ ದೊರೆ ಸೀದಾ ಬಂದು ಈ ಬಂಡೆಯ ಮೇಲೆ ಕೂತು, ಭರಣಿ ಕೊಡದಿದ್ದರೆ ಊರಿಗೆ ಬೆಂಕಿಯಿಡುತ್ತೇನೆ ಎಂದ. ಇನ್ನಾಸಮ್ಮ ಗುಡಿಸಲಿನೊಳಗೆ ಹೋದಳು. ಊರು ಉಳಿಯಬೇಕು, ಸಂತನ ಎಲುಬು ಯುದ್ಧದ ತಾಯಿತವೂ ಆಗಬಾರದು. ಅವಳು ಭರಣಿಯೊಂದಿಗೆ ಪುಸ್ತಕವನ್ನೂ ತಂದಳು.

“ಮೊದ್ಲು ದೇವ್ರ ಮಾತು, ಆಮೇಲೆ ಭರಣಿ. ಎದ್ದು ನಿಂತ್ಕೊಳ್ಳಿ ಬುದ್ಧಿ.”

ಬಂಟನೊಬ್ಬ ಕತ್ತಿ ಹಿರಿದ. ಅವಳು ಕದಲಲಿಲ್ಲ.

“ಈ ಮಾತ್ನ ನಂಬಿ ಸತ್ತೋನ್ದು ಅಂತ ಈ ಎಲುಬಿಗೆ ಬೆಲೆ ಬುದ್ಧಿ. ಮಾತು ಬ್ಯಾಡ ಅಂದ್ರೆ ತಿಪ್ಪೇಲಿರೋ ಎಲುಬೇ ಸಾಕಲ್ಲ ನಿಮ್ಗೆ!”

ದೊರೆ ಅವಳನ್ನೇ ನೋಡುತ್ತ ಎದ್ದು ನಿಂತ ಎನ್ನುತ್ತಾರೆ. ಹಗೆಗಳನ್ನು ಪ್ರೀತಿಸಬೇಕು, ಹಿಂಸಿಸುವವರಿಗಾಗಿ ಪ್ರಾರ್ಥಿಸಬೇಕು ಎಂಬ ಭಾಗವನ್ನು ಇನ್ನಾಸಮ್ಮ ನಿಧಾನವಾಗಿ ಓದಿದಳು. ಓದಿ ಮುಗಿಸಿ, ಭರಣಿಯನ್ನು ತಾನೇ ಎರಡೂ ಕೈಯಲ್ಲಿ ಅವನ ಮುಂದೆ ಹಿಡಿದಳು.

“ಇದ್ನ ಕಟ್ಕೊಂಡು ನಾನು ಕತ್ತಿ ಎತ್ತೋದು ಹೆಂಗಮ್ಮ?” ಎಂದ ದೊರೆ, ಕೈ ಹಿಂದಕ್ಕೆಳೆದುಕೊಂಡ. ದಾಯಾದಿಗಳ ಮೇಲೆ ಹೋದನೋ ಬಿಟ್ಟನೋ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಭರಣಿಯನ್ನಂತೂ ಮುಟ್ಟಲಿಲ್ಲ, ಊರನ್ನೂ ಸುಡಲಿಲ್ಲ.

ಇಂದಿಗೂ ಹಬ್ಬದ ದಿನ ಭರಣಿ, ಶುಭಸಂದೇಶ ಎರಡೂ ಒಂದೇ ಪಲ್ಲಕ್ಕಿಯಲ್ಲಿ ಬಂದು ಬಂಡೆಯ ಮುಂದೆ ನಿಲ್ಲುತ್ತವೆ. ದೊರೆಯ ವಂಶದವರು ಕ್ರೈಸ್ತರಾಗಲಿಲ್ಲ; ಸೀಮೆಯೂ ಈಗ ಅವರ ಕೈಯಲ್ಲಿಲ್ಲ. ಆದರೂ ಆ ಮನೆಯ ಹಿರಿಯರೊಬ್ಬರು ತಪ್ಪದೆ ಬರುತ್ತಾರೆ. ಈಗ ಬರುವ ಹಿರಿಯರಿಗೆ ಮಂಡಿನೋವು. ಕುರ್ಚಿ ತಂದಿಟ್ಟರೆ ಅದನ್ನು ಬದಿಗೆ ಸರಿಸಿ, ಓದು ಮುಗಿಯುವವರೆಗೂ ಕೋಲೂರಿಕೊಂಡು ನಿಂತೇ ಇರುತ್ತಾರೆ.